ಲೀಸೆ ಮೈಟ್ನರ್

1878ರಲ್ಲಿ ವಿಯೆನ್ನಾ ನಗರದಲ್ಲಿ ಲೀಸೆ ಮೈಟ್ನರ್ ಜನಿಸಿದರು. ಅಂದು ಅಲ್ಲಿ ಹೆಣ್ಣುಮಕ್ಕಳ ಶಾಲೆಯ ಓದು ಹದಿನಾಲ್ಕನೆಯ ವಯಸ್ಸಿಗೆ ಮುಗಿದುಹೋಗುತ್ತಿತ್ತು. ಇವರಾದರೋ ಖಾಸಗಿಯಾಗಿ ವ್ಯಾಸಂಗ ಮಾಡಿ, 1901ರಲ್ಲಿ ವಿಶ್ವವಿದ್ಯಾಲಯವನ್ನು ಸೇರಿ, 1906ರಲ್ಲಿ ಡಾಕ್ಟರ್ ಪದವಿ ಪಡೆದು, ಮರುವರ್ಷ ಬರ್ಲಿನ್ನಿಗೆ ಹೋದರು. ಅಲ್ಲಿಯ ರಸಾಯನಶಾಸ್ತ್ರದ ಸಂಸ್ಥೆಯಲ್ಲಿ ಸ್ತ್ರೀಯರಿಗೆ ಪ್ರವೇಶವಿರಲಿಲ್ಲ. ಆಟೋ ಹಾನ್ ಅವರೊಡನೆ ಕೆಲಸ ಮಾಡಲು ದೊರೆತದ್ದು ಕೆಳ ಅಂತಸ್ತಿನ ಬಡಗಿಕೋಣೆ, ಸಂಬಳವೂ ಇಲ್ಲ.

ವಿದ್ಯಾರ್ಥಿಗಳೇ, ಕೆಲವು ಪರಮಾಣುಗಳ ಬೀಜವು ತಾನಾಗಿಯೇ ಕ್ಷಯಿಸಿ ಎಲೆಕ್ಟ್ರಾನೊಂದನ್ನು ಹೊರದೂಡುತ್ತದೆ. ಇದೇ ಬೀಟಾ ಕ್ಷಯ. ಒಂದೇ ಬಗೆಯ ಬೀಜಗಳಿಂದ ಹೊರಟ ಎಲೆಕ್ಟ್ರಾನುಗಳಿಗೆಲ್ಲ ಒಂದೇ ಶಕ್ತಿಯಿರಬೇಕಷ್ಟೆ? ಆದರೆ ಕೆಲವು ಅತಿ ವೇಗದಿಂದಲೂ ಕೆಲವು ಮಂದವಾಗಿಯೂ ಬರುವುದನ್ನು 1914ರಲ್ಲಿ ಚಾಡ್ವಿಕ್ ತೋರಿಸಿದ್ದರು. ಬೀಜದಿಂದ ಎಲ್ಲವೂ ಸಮಶಕ್ತಿಯಿಂದಲೇ ಹೊರಡುತ್ತವೆ, ಆದರೆ ಪರಮಾಣುವನ್ನು ದಾಟುವಾಗ ಕೆಲವು ಹೆಚ್ಚಾಗಿಯೂ ಕೆಲವು ಕಡಿಮೆಯಾಗಿಯೂ ಶಕ್ತಿಯನ್ನು ಕಳೆದುಕೊಳ್ಳುತ್ತವೆ ಎಂಬುದು ಮೈಟ್ನರರ ದೃಢವಾದ ಮತ. ಕೇಂಬ್ರಿಜ್ಜಿನ ಎಲ್ಲಿಸ್ ಇದನ್ನು ಒಪ್ಪಲಿಲ್ಲ. ಈ ವಾದ ಹಲವು ವರ್ಷ ನಡೆಯಿತು.

ಪೇಟೆಯಲ್ಲಿ ಖರ್ಚಾದ ರೂಪಾಯಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಾದರೂ ಇರಬೇಕು. ಆದ್ದರಿಂದ ಎಲ್ಲಿಸ್ ಮತ್ತು ವೂಸ್ಟರ್ ರೇಡಿಯಮ್-ಇ ಎಂಬ ವಸ್ತುವನ್ನು ಸೀಸದ ನಡುವೆ ಮುಚ್ಚಿಟ್ಟು, ಹುಟ್ಟಿದ ಶಾಖವನ್ನೆಲ್ಲ ಅಳೆದರು. ಮೈಟ್ನರರ ಮತ ನಿಜವಾಗಿದ್ದರೆ, ದಾರಿಯಲ್ಲಿ ಕಳೆದ ಶಕ್ತಿಯೂ ಸೇರಿ, ಒಂದು ಕ್ಷಯಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿ ಎಲೆಕ್ಟ್ರಾನ್-ವೋಲ್ಟು ದೊರೆಯಬೇಕಾಗಿತ್ತು. 1927ರಲ್ಲಿ ಅವರಿಗೆ ದೊರೆತದ್ದು ಸುಮಾರು ಮೂರೂವರೆ ಲಕ್ಷ ಮಾತ್ರ.

ಮೈಟ್ನರರು ನಂಬಲಿಲ್ಲ. ಆದರೆ ಬರಿಯ ಮಾತಿನಿಂದ ಖಂಡಿಸಲೂ ಇಲ್ಲ. ಆರ್ಥ್‌ಮನ್ ಎಂಬವರೊಡನೆ ಇನ್ನೂ ಸೂಕ್ಷ್ಮವಾದ ಶಾಖಮಾಪಕವನ್ನು ರಚಿಸಿ ತಾವೇ ಅಳೆದರು. (ಉತ್ತರವನ್ನು ಮೊದಲು ಬರೆದು ಅಂಕಿಗಳನ್ನು ಅನಂತರ ಹೊಂದಿಸುವ ನಮ್ಮ ಪ್ರಯೋಗದ ವಹಿಗಳು ನೆನಪಾಗುತ್ತವೆ!) ಬಂದ ಉತ್ತರ 3,37,000. ಉಳಿದ ಶಕ್ತಿ ಗಾಮಾ ಕಿರಣವಾಗಿ ಸೀಸವನ್ನು ತೂರಿ ಹೋಗಿರಬಹುದೇ ಎಂದೂ ಹುಡುಕಿದರು, ಅದೂ ಇಲ್ಲ. ಎದುರಾಳಿಯ ಅಳತೆಯೇ ಸರಿಯೆಂದು 1930ರಲ್ಲಿ ತಮ್ಮ ಹೆಸರಿನಿಂದಲೇ ಪ್ರಕಟಿಸಿದರು.

ಹಾಗಾದರೆ ಮಿಕ್ಕ ಶಕ್ತಿ ಎಲ್ಲಿ? ಶಕ್ತಿನಿತ್ಯತೆಯ ನಿಯಮವೇ ಇಲ್ಲಿ ಸಲ್ಲದೇನೋ ಎಂದು ಬೋರ್‌ರಂಥವರೂ ಶಂಕಿಸಿದರು. ಕಾಣದ ಕಣವೊಂದು ಅದನ್ನು ಒಯ್ಯುತ್ತಿರಬಹುದೆಂದು ಪೌಲಿ 1930ರ ಡಿಸೆಂಬರ್ 4ರಂದು ಟ್ಯೂಬಿಂಗೆನ್ನಿನ ಸಭೆಗೆ ಪತ್ರ ಬರೆದರು. ಆ ಸಭೆಯಲ್ಲಿ ಮೈಟ್ನರರೂ ಇದ್ದರು.

ಯಹೂದಿ ಕುಲದಲ್ಲಿ ಹುಟ್ಟಿದ ಕಾರಣದಿಂದ 1938ರಲ್ಲಿ ಅವರು ಜರ್ಮನಿಯನ್ನು ಬಿಟ್ಟು ಸ್ವೀಡನ್ನಿಗೆ ಓಡಬೇಕಾಯಿತು. ಯುರೇನಿಯಮ್ ಬೀಜದ ವಿದಳನವನ್ನು ಸೋದರಿಯ ಮಗ ಫ್ರಿಶ್‌ನೊಡನೆ ವಿವರಿಸಿದ್ದು ಅಲ್ಲಿಯೇ. ಪೌಲಿ ಊಹಿಸಿದ ಕಣವಾದ ನ್ಯೂಟ್ರಿನೋ 1956ರಲ್ಲಿ ಅಮೆರಿಕದಲ್ಲಿ ಪತ್ತೆಯಾದಾಗ ಅವರಿಗೆ ಎಪ್ಪತ್ತೇಳು ವರ್ಷ. 1968ರಲ್ಲಿ, ಎಲ್ಲಿಸ್ ಆ ಶಾಖವನ್ನು ಅಳೆದ ಕೇಂಬ್ರಿಜ್ಜಿನಲ್ಲಿಯೇ, ಅವರು ತೀರಿಕೊಂಡರು.