ಚಾರ್ಲ್ಸ್ ಮಾರ್ಟಿನ್ ಹಾಲ್

ಇಂದು ಬಡವರ ಅಡುಗೆಮನೆಯಲ್ಲಿಯೂ ಕಾಣಸಿಗುವ ಅಲ್ಯೂಮಿನಿಯಂ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬೆಳ್ಳಿಬಂಗಾರಗಳ ಸಾಲಿಗೆ ಸೇರಿದ್ದಿತು. ಅದನ್ನು ಎಲ್ಲರ ಕೈಗೆಟುಕಿಸಿದವರಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಒಬ್ಬನು.

ಹಾಲ್ 1863ರಲ್ಲಿ ಅಮೆರಿಕದ ಒಹೈಯೊ ರಾಜ್ಯದಲ್ಲಿ ಜನಿಸಿದನು. ಓಬರ್ಲಿನ್ ಕಾಲೇಜಿನಲ್ಲಿ ಪ್ರಾಧ್ಯಾಪಕ ಜ್ಯೂವೆಟ್ಟರಿಂದ ಪ್ರೇರಣೆ ಪಡೆದು, ಮನೆಯ ಸೌದೆ ಕೊಟ್ಟಿಗೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡನು. ರಸಾಯನಶಾಸ್ತ್ರವನ್ನು ಓದಿದ್ದ ಅಕ್ಕ ಜೂಲಿಯಾ ಅವನಿಗೆ ನೆರವಾದಳು.

ಅಲ್ಯೂಮಿನಾ ಕರಗಲು 2000 ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕ ಶಾಖ ಬೇಕು. ಆದುದರಿಂದ ಹಾಲ್ ಅದಕ್ಕೆ ತಕ್ಕ ದ್ರಾವಕವನ್ನು ಅರಸುತ್ತ ಹಲವು ಫ್ಲೋರೈಡ್ ಲವಣಗಳನ್ನು ಪರೀಕ್ಷಿಸಿದನು. ಕೊನೆಗೆ ದೊರೆತದ್ದು ಕ್ರಯೊಲೈಟ್. ಸೋಡಿಯಂ, ಅಲ್ಯೂಮಿನಿಯಂ ಮತ್ತು ಫ್ಲೋರಿನ್‌ಗಳಿಂದಾದ ಈ ಲವಣವು ಸುಮಾರು 1000 ಡಿಗ್ರಿಯಲ್ಲಿ ದ್ರವವಾಗಿ, ಅಲ್ಯೂಮಿನಾವನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ, ವಿದ್ಯುತ್ತನ್ನೂ ಹರಿಯಗೊಡುತ್ತದೆ.

ಹಾಲ್ ಆ ದ್ರವದಲ್ಲಿ ವಿದ್ಯುತ್ ಹಾಯಿಸಿದನು. ಆದರೆ ಲೋಹ ದೊರೆಯಲಿಲ್ಲ. ಮಣ್ಣಿನ ಮೂಸೆಯಲ್ಲಿನ ಸಿಲಿಕಾ ದ್ರವದೊಡನೆ ಬೆರೆಯುತ್ತಿರಬಹುದೆಂದು ತರ್ಕಿಸಿ, ಮೂಸೆಯ ಒಳಮೈಗೆ ಇಂಗಾಲದ ಹೊದಿಕೆ ಕೊಟ್ಟನು. 1886ರ ಫೆಬ್ರವರಿ 23ರಂದು ಅದರಲ್ಲಿ ಅಲ್ಯೂಮಿನಿಯಂನ ಪುಟ್ಟ ಗುಂಡುಗಳು ಹೊಳೆದವು. ಆಗ ಅವನಿಗೆ ಇಪ್ಪತ್ತೆರಡು ವರ್ಷ.

ಅದೇ ವರ್ಷ ಫ್ರಾನ್ಸಿನಲ್ಲಿ, ಅವನದೇ ವಯಸ್ಸಿನ ಪಾಲ್ ಹೆರೂ ಸ್ವತಂತ್ರವಾಗಿ ಇದೇ ವಿಧಾನವನ್ನು ಕಂಡುಹಿಡಿದನು. ಇಂದಿಗೂ ಈ ವಿಧಾನಕ್ಕೆ ಇಬ್ಬರ ಹೆಸರೂ ಇದೆ. ಇಬ್ಬರೂ 1914ರಲ್ಲಿ ನಿಧನ ಹೊಂದಿದರು. ಹಾಲ್ ತಾನು ಗಳಿಸಿದ ಸಂಪತ್ತಿನ ಬಹುಭಾಗವನ್ನು ವಿದ್ಯಾಭ್ಯಾಸದ ಕಾರ್ಯಕ್ಕೆ ಬಿಟ್ಟುಹೋದನು.