ಇಪ್ಪತ್ತಮೂರು ವರ್ಷಗಳ ನಂತರ ಸಂದ ಮಹಾವೀರ ಚಕ್ರ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಭಾರತೀಯ ವಾಯುಪಡೆಯ ಚರಿತ್ರೆಯಲ್ಲಿ 1965ರ ಸೆಪ್ಟೆಂಬರ್ 7ರ ಮುಂಜಾವು ಮರೆಯಲಾಗದ ಹೊತ್ತು. ಅಂದು ಶತ್ರುನೆಲದ ಮೇಲೆ ಏಕಾಂಗಿಯಾಗಿ ಕಾದು ಮಡಿದವರು ಕೊಡಗಿನ ವೀರ ಅಜ್ಜಮಾಡ ಬೋಪಯ್ಯ ದೇವಯ್ಯ. ಅವರ ಸಾಹಸ ಬೆಳಕಿಗೆ ಬರಲು ಹದಿನಾಲ್ಕು ವರ್ಷ, ಅದಕ್ಕೆ ತಕ್ಕ ಗೌರವ ಸಲ್ಲಲು ಇಪ್ಪತ್ತಮೂರು ವರ್ಷ ಹಿಡಿಯಿತು. ಮೈಸೂರು ಯುದ್ಧಗಳ ಕಥೆ ಕೇಳುತ್ತ ಬೆಳೆಯುವ ರಾಯಕೋಟೆಯ ನಮ್ಮ ಮಕ್ಕಳು ನಮ್ಮ ಕಾಲಕ್ಕೆ ಸಮೀಪದ ಈ ವೀರನನ್ನೂ ಅರಿಯಲೆಂಬುದು ನಮ್ಮ ಆಶಯ.

ದೇವಯ್ಯನವರು ಜನಿಸಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ತಂದೆ ವೈದ್ಯರು. 1954ರಲ್ಲಿ ಅವರು ವಾಯುಪಡೆಯನ್ನು ಸೇರಿದಾಗ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. ಅದೇ ದಿನದ ಭಾಷಾವಾರು ವಿಂಗಡಣೆಯಲ್ಲಿ ನಮ್ಮ ಹೊಸೂರು, ಕೃಷ್ಣಗಿರಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಗಡಿರೇಖೆಗಳು ಹೀಗೆ ಬದಲಾಗುತ್ತಿದ್ದ ಕಾಲದಲ್ಲಿ ಆ ತರುಣ ಅಧಿಕಾರಿ ಇಡೀ ದೇಶದ ಆಕಾಶವನ್ನು ಕಾಯುವ ಕಾಯಕಕ್ಕೆ ತಮ್ಮನ್ನು ಒಪ್ಪಿಸಿಕೊಂಡಿದ್ದರು.

ಯುದ್ಧದ ಕಾರ್ಮೋಡ ಕವಿದಾಗ ಅವರು ವಾಯುಪಡೆಯ ವಿಮಾನಚಾಲನಾ ಕಾಲೇಜಿನಲ್ಲಿ ಬೋಧಕರಾಗಿದ್ದರು. ಹೊಸಬರಿಗೆ ಹಾರುವುದನ್ನು ಕಲಿಸುತ್ತಿದ್ದ ಗುರುವಿಗೆ ರಣರಂಗದ ಕರೆ ಬಂದಿತು. ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ನಿಯೋಜಿಸಲಾಯಿತು. ಈ ದಳ ಹಾರಿಸುತ್ತಿದ್ದುದು ಫ್ರಾನ್ಸ್ ದೇಶದಲ್ಲಿ ತಯಾರಾದ ಮಿಸ್ಟೇರ್ ಯುದ್ಧವಿಮಾನಗಳನ್ನು.

ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಪ್ರಮುಖ ವಾಯುನೆಲೆಯಾದ ಸರ್ಗೋಧದ ಮೇಲೆ ದಾಳಿ ನಡೆಸಬೇಕೆಂದು ನಿರ್ಧಾರವಾಯಿತು. ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನಾಯಕತ್ವದಲ್ಲಿ ಹನ್ನೆರಡು ವಿಮಾನಗಳು ಹೊರಡಬೇಕಿತ್ತು. ಯಾವುದಾದರೂ ವಿಮಾನ ಹಿಂದುಳಿದರೆ ಅದರ ಸ್ಥಾನ ತುಂಬಲು ಇಬ್ಬರು ಚಾಲಕರನ್ನು ಮೀಸಲಿಡಲಾಗಿತ್ತು. ಅವರಲ್ಲಿ ದೇವಯ್ಯನವರೂ ಒಬ್ಬರು. ಒಂದು ವಿಮಾನ ದಾಳಿಯಿಂದ ಹಿಂದೆ ಸರಿಯಬೇಕಾಗಿ ಬಂದಾಗ ಅವರು ಆ ತೆರವಿನ ಸ್ಥಾನಕ್ಕೆ ಬಂದರು. ಮಿಸ್ಟೇರ್ ವಿಮಾನಗಳಿಗೆ ಸರ್ಗೋಧವು ಹೋಗಿ ಬರುವ ದೂರದ ಕೊನೆಯ ಅಂಚಿನಲ್ಲಿತ್ತು. ಇಂಧನದ ಪ್ರತಿಯೊಂದು ಹನಿಗೂ ಲೆಕ್ಕವಿತ್ತು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನಟ್ಟಿತು. ಅದರ ಚಾಲಕ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅಮೆರಿಕ ನೀಡಿದ್ದ ಆ ವಿಮಾನದ ವೇಗ ಶಬ್ದದ ವೇಗದ ಎರಡರಷ್ಟು. ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ ಮಿಸ್ಟೇರ್ ಅದಕ್ಕೆ ಸಮಜೋಡಿಯೇ ಅಲ್ಲ. ದೇವಯ್ಯನವರ ವಿಮಾನಕ್ಕೆ ಗುಂಡುಗಳು ತಗುಲಿದವು. ಆದರೂ ಅವರು ಎದುರಾಳಿಯೊಡನೆ ಕಾದಾಟಕ್ಕಿಳಿದರು. ವಿಶಾಲವಾದ ಆಕಾಶದಲ್ಲಿ ನೇರವಾಗಿ ಧಾವಿಸಲು ನಿರ್ಮಿಸಿದ ಸ್ಟಾರ್‌ಫೈಟರಿನ ರೆಕ್ಕೆಗಳು ತೀರ ಗಿಡ್ಡ. ನೆಲಕ್ಕೆ ಸಮೀಪದಲ್ಲಿ, ಕಡಿಮೆ ವೇಗದಲ್ಲಿ ತಿರುಗಿ ತಿರುಗಿ ಕಾದುವಾಗ ಆ ವೇಗದ ಮೇಲುಗೈ ಉಳಿಯುವುದಿಲ್ಲ. ದೇವಯ್ಯನವರ ಹೊಡೆತಕ್ಕೆ ಸ್ಟಾರ್‌ಫೈಟರ್ ನೆಲಕ್ಕುರುಳಿತು. ಹುಸೇನ್ ಹೊರಜಿಗಿದು ಬದುಕಿದರು. ದೇವಯ್ಯನವರು ಮರಳಲಿಲ್ಲ. ಆಗ ಅವರ ವಯಸ್ಸು ಮೂವತ್ತೆರಡು.

ಜೊತೆಗಾರರಲ್ಲಿ ಯಾರೂ ಆ ಹೋರಾಟವನ್ನು ಕಂಡಿರಲಿಲ್ಲ. ಹೀಗಾಗಿ ವಾಯುಪಡೆಯ ದಾಖಲೆಯಲ್ಲಿ ಅವರು ಕಾಣೆಯಾದವರೆಂದಷ್ಟೇ ನಮೂದಾಯಿತು. ಅವರ ಪಾರ್ಥಿವ ಶರೀರವನ್ನು ಅಲ್ಲಿನ ಹಳ್ಳಿಗರೇ ಮಣ್ಣು ಮಾಡಿದರೆಂಬುದು ಬಹುಕಾಲದ ಮೇಲೆ ತಿಳಿದುಬಂದ ಸಂಗತಿ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧವನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಮಿಸ್ಟೇರ್ ಒಂದರೊಡನೆ ನಡೆದ ಕಾದಾಟದಲ್ಲಿ ಸ್ಟಾರ್‌ಫೈಟರ್ ನಾಶವಾದ ವಿಷಯ ಅದರಲ್ಲಿತ್ತು. ಅಂದಿನ ದಾಳಿಯ ವಿವರಗಳನ್ನು ತಾಳೆ ನೋಡಿದಾಗ ಆ ಚಾಲಕ ದೇವಯ್ಯನವರಲ್ಲದೆ ಬೇರಾರೂ ಅಲ್ಲವೆಂಬುದು ಖಚಿತವಾಯಿತು. ಹೀಗೆ ನಮ್ಮ ವೀರನ ಸಾಹಸಕ್ಕೆ ಸಾಕ್ಷ್ಯ ದೊರೆತದ್ದು ಎದುರು ಪಾಳಯದ ಕಡೆಯಿಂದ. ತನೇಜಾ ಅವರೂ ತಮ್ಮ ಸಹಚರನಿಗೆ ನ್ಯಾಯ ದೊರಕಲೆಂದು ವಾಯುಪಡೆಯ ಗಮನ ಸೆಳೆದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಪತಿ ಕಾಣೆಯಾದ ಇಪ್ಪತ್ತಮೂರು ವರ್ಷಗಳ ಮೇಲೆ ಪತ್ನಿ ಅದನ್ನು ಸ್ವೀಕರಿಸಿದರು.

ಮಡಿಕೇರಿಯಲ್ಲಿ ಈಗ ಒಂದು ವೃತ್ತ ಅವರ ಹೆಸರನ್ನು ಹೊತ್ತಿದೆ. 2025ರಲ್ಲಿ ತೆರೆಕಂಡ ಸ್ಕೈ ಫೋರ್ಸ್ ಎಂಬ ಹಿಂದಿ ಚಲನಚಿತ್ರಕ್ಕೆ ಈ ಸಾಹಸವೇ ಪ್ರೇರಣೆ. ಆದರೆ ತೆರೆಯ ಮೇಲೆ ಆ ಯೋಧನ ಹೆಸರು ಬೇರೆ. ಕೊಡಗಿನ ಜನ ಇದಕ್ಕೆ ನೊಂದು ಆಕ್ಷೇಪಿಸಿದ್ದು ಸಹಜವೇ. ಹೆಸರು ಬದಲಾದರೆ ಊರು, ನುಡಿ, ಮನೆತನ ಎಲ್ಲವೂ ಮರೆಯಾಗುತ್ತವೆ. ಗಡಿಯಲ್ಲಿ ಬಾಳುವ ನಮಗೆ ಈ ನೋವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಡವರಿಲ್ಲದ ಕಾರಣಕ್ಕೆ ಶೌರ್ಯ ಸುಳ್ಳಾಗುವುದಿಲ್ಲ. ಬರೆದಿಡುವವರಿಲ್ಲದಿದ್ದರೆ ಮಾತ್ರ ಅದು ಮರೆವಿಗೆ ಸಲ್ಲುತ್ತದೆ. ಸೆಪ್ಟೆಂಬರ್ 7ರಂದು ನಮ್ಮ ಕನ್ನಡ ಶಾಲೆಗಳ ಪ್ರಾರ್ಥನಾ ಸಭೆಯಲ್ಲಿ ಐದು ನಿಮಿಷ ಈ ವೀರನ ಸ್ಮರಣೆ ನಡೆಯಲಿ. ಜೊತೆಗೆ, ನಮ್ಮೂರುಗಳಿಂದ ಸೈನ್ಯಕ್ಕೆ ಹೋದ ಹಿರಿಯರ ಹೆಸರು, ಇಸವಿ, ಸೇವೆಯ ವಿವರಗಳನ್ನು ಮಕ್ಕಳು ಮನೆಯವರಿಂದ ಕೇಳಿ ಕನ್ನಡದಲ್ಲಿ ಬರೆದಿಡಲಿ. ಹಾಗೆ ಬರೆದಿಟ್ಟರೆ ನಮ್ಮ ಹಿರಿಯರ ಸೇವೆಗೆ ಸಾಕ್ಷ್ಯವನ್ನು ಪರರ ಗ್ರಂಥದಲ್ಲಿ ಹುಡುಕಬೇಕಾಗಿ ಬರುವುದಿಲ್ಲ.