ಕಡಿದಾದ ಬೆಟ್ಟಗಳ ಫೋಟೋ ತೆಗೆದ ವಿಟ್ಟೋರಿಯೋ ಸೆಲ್ಲಾ

ನಮ್ಮಣ್ಣ ಒಮ್ಮೆ ಅರಬೈಲು ಘಟ್ಟದ ಫೋಟೋ ತೆಗೆದಿದ್ದ. ಬಸ್ಸಿನಲ್ಲಿ ಇಳಿಯುವಾಗ ಹೆದರಿಕೆಯಾಗುವ ಘಟ್ಟ ಫೋಟೋದಲ್ಲಿ ಗದ್ದೆ ಥರ ಸಪಾಟಾಗಿ ಕಂಡಿತು! ಈ ಕಷ್ಟವನ್ನು ಗೆದ್ದ ಒಬ್ಬರ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಟ್ಟೋರಿಯೋ ಸೆಲ್ಲಾ ಅವರು 1859ರಲ್ಲಿ ಇಟಲಿ ದೇಶದ ಬಿಯೆಲ್ಲಾ ಊರಿನಲ್ಲಿ ಜನಿಸಿದರು. ತಂದೆ ಫೋಟೋ ವಿದ್ಯೆಯ ಬಗ್ಗೆ ಪುಸ್ತಕ ಬರೆದವರು. ಚಿಕ್ಕಪ್ಪ ಪರ್ವತಾರೋಹಿಗಳ ಸಂಘ ಕಟ್ಟಿದವರು. ಮಗನಿಗೆ ಎರಡೂ ಹುಚ್ಚು ಹಿಡಿಯಿತು. ಆಲ್ಪ್ಸ್ ಪರ್ವತದ ಹಿಮದ ಮೇಲೆ ಅವರು ಭಾರದ ಕ್ಯಾಮರಾ ಮತ್ತು 30 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದದ ಗಾಜಿನ ಪ್ಲೇಟುಗಳನ್ನು ಒಯ್ಯುತ್ತಿದ್ದರು. ಗಾಜು ಒಡೆದರೆ ಪಟ್ಟ ಶ್ರಮವೆಲ್ಲ ವ್ಯರ್ಥ. 1899ರಲ್ಲಿ ನಮ್ಮ ಹಿಮಾಲಯಕ್ಕೆ ಬಂದು ಕಾಂಚನಗಂಗಾ ಪರ್ವತವನ್ನು ಸುತ್ತಿದರು. 1909ರಲ್ಲಿ ಕೆ-2 ಶಿಖರದ ಫೋಟೋ ತೆಗೆದರು.

ಬರೀ ಬಿಳಿ ಹಿಮ ಎಷ್ಟು ಕಡಿದು ಅಂತ ಪಟದಲ್ಲಿ ತಿಳಿಯುವುದಿಲ್ಲ. ಸೆಲ್ಲಾ ಅವರ ಅನೇಕ ಪಟಗಳಲ್ಲಿ ಇರುವೆ ಸಾಲಿನಂತೆ ಮನುಷ್ಯರಿದ್ದಾರೆ. ಅವರನ್ನು ಕಂಡ ಮೇಲೆಯೇ ನಮ್ಮ ಎದೆ ಝಲ್ಲೆನ್ನುತ್ತದೆ. ಮುಂದಿನ ಆರೋಹಿಗಳು ಆ ಪಟ ನೋಡಿ ದಾರಿ ಹುಡುಕಿದರು. ಸೆಲ್ಲಾ 1943ರಲ್ಲಿ ತೀರಿಕೊಂಡರು.

ಇದನ್ನು ತಿಳಿದು ನಾನು ತಂಗಿಯನ್ನು ಸೊಪ್ಪಿನ ಬೆಟ್ಟದ ಇಳಿಜಾರಿನಲ್ಲಿ ನಿಲ್ಲಿಸಿ, ಅಣ್ಣನ ಹತ್ತಿರ ಪಕ್ಕದಿಂದ ಫೋಟೋ ತೆಗೆಸಿದೆ. ಆಯಿ ಅದನ್ನು ನೋಡಿದವಳೇ, ಕೂಸನ್ನು ಅಲ್ಲಿಗೆ ಯಾಕೆ ಹತ್ತಿಸಿದ್ದು ಅಂತ ಬೈದಳು. ನನಗೆ ಸಂತೋಷವೇ ಆಯಿತು!